ಬಲಕ್ಕೆ ತಿರುಗುವ ದಾರಿ: ಕ್ಯಾಂಪ್ ಬ್ಯಾಸ್ಟಿಯನ್ ಶಸ್ತ್ರಚಿಕಿತ್ಸಾ ತಂಡಗಳ ತಾಲೀಮು

ಅಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತ್ಯದ ಕ್ಯಾಂಪ್ ಬ್ಯಾಸ್ಟಿಯನ್‌ನಲ್ಲಿ 2014ರವರೆಗೆ ಬ್ರಿಟಿಷ್ ಸೇನೆಯ ಆಸ್ಪತ್ರೆಯಿತ್ತು. ಹೆಲಿಕಾಪ್ಟರಿನಲ್ಲಿ ಬಂದ ಗಾಯಾಳುವನ್ನು ಅಲ್ಲಿ ಸಾಮಾನ್ಯವಾಗಿ ಮೊದಲು ತುರ್ತುಚಿಕಿತ್ಸಾ ವಿಭಾಗಕ್ಕೆ ಒಯ್ಯುತ್ತಿದ್ದರು. ರಕ್ತ ಸೋರಿ ಪ್ರಾಣ ಹೋಗುವಂತಿದ್ದರೆ ಮಾತ್ರ ಸ್ಟ್ರೆಚರ್ ಬಲಕ್ಕೆ ತಿರುಗಿ ನೇರವಾಗಿ ಆಪರೇಷನ್ ಥಿಯೇಟರಿಗೆ ಹೋಗುತ್ತಿತ್ತು. ಈ ಕ್ರಮಕ್ಕೆ ‘ರೈಟ್ ಟರ್ನ್ ರೆಸಸಿಟೇಶನ್’ ಎಂಬ ಹೆಸರೇ ಬಿತ್ತು. ಮೊದಲು ಪುನಶ್ಚೇತನ, ಆಮೇಲೆ ಶಸ್ತ್ರಕ್ರಿಯೆ ಎಂಬ ವಾಡಿಕೆ ಇಲ್ಲಿ ನಡೆಯುತ್ತಿರಲಿಲ್ಲ: ತಲೆಯ ಬದಿಯಲ್ಲಿ ಅರಿವಳಿಕೆ ತಜ್ಞರು ರಕ್ತ ಏರಿಸುತ್ತಿರುವಾಗಲೇ ಹೊಟ್ಟೆಯ ಮೇಲೆ ಕತ್ತಿ ಆಡುತ್ತಿತ್ತು.

ಹೀಗೆ ಒಂದೇ ಮೇಜಿನ ಸುತ್ತ ನಿಂತವರು ಮೊದಲಿನಿಂದ ಪರಿಚಿತರಾಗಿರಲಿಲ್ಲ. ಬ್ರಿಟನ್ನಿನ ಕೊನೆಯ ಸೇನಾ ಆಸ್ಪತ್ರೆ ಹ್ಯಾಸ್ಲರ್ 2009ರಲ್ಲಿ ಮುಚ್ಚಿತ್ತು. ಸೇನಾ ವೈದ್ಯರು ದಿನನಿತ್ಯ ದುಡಿಯುತ್ತಿದ್ದುದು ನಾಗರಿಕ ಆಸ್ಪತ್ರೆಗಳಲ್ಲಿ. ಜೊತೆಗೆ ಮೀಸಲು ದಳದವರು, ಅಮೆರಿಕನ್ನರು, ಡೇನಿಷರು. ತಂಡಗಳು ಸರದಿಯಲ್ಲಿ ಬದಲಾಗುತ್ತಲೇ ಇದ್ದವು.

ಪರಸ್ಪರ ಪರಿಚಯದ ಈ ಕೊರತೆಗೆ ಸಿಕ್ಕ ಉತ್ತರ ಯಾರ್ಕ್ ಬಳಿಯ ಸ್ಟ್ರೆನ್ಸಾಲ್‌ನ ‘ಹಾಸ್ಪೆಕ್ಸ್’ ತಾಲೀಮು. ದೊಡ್ಡದೊಂದು ಕಟ್ಟಡದೊಳಗೆ ಯುದ್ಧರಂಗದ ಆಸ್ಪತ್ರೆಯ ವಿನ್ಯಾಸವನ್ನೇ ಇಳಿಸಿ, ಹೊರಡುವ ಮುನ್ನ ಇಡೀ ಸಿಬ್ಬಂದಿಯನ್ನು ಒಟ್ಟಾಗಿ ಓಡಾಡಿಸುತ್ತಿದ್ದರು. ಶವಗಳ ಮೇಲೆ ಕೈ ಪಳಗಿಸುವ ಕೆಲಸ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಬೇರೊಂದು ಶಿಬಿರದ್ದು. ಹಾಸ್ಪೆಕ್ಸ್‌ನಲ್ಲಿ ಪರೀಕ್ಷೆಯಾಗುತ್ತಿದ್ದುದು ಹೆಚ್ಚಾಗಿ ಕಾಲು ಮತ್ತು ನಾಲಗೆ: ರಕ್ತ ಎಲ್ಲಿಂದ ತರಬೇಕು, ಯಾರಿಗೆ ಹೇಳಬೇಕು.

ನಾಲಗೆಯ ಶಿಸ್ತೇ ಇಲ್ಲಿನ ನಿಜವಾದ ಆವಿಷ್ಕಾರವೆಂದು ನನಗನ್ನಿಸುತ್ತದೆ. ಬ್ಯಾಸ್ಟಿಯನ್ ಅನುಭವದ ಆಧಾರದಲ್ಲಿ ಸೇನಾ ವೈದ್ಯರು 2012ರಲ್ಲಿ ನಾಲ್ಕು ಮಾತುಕತೆಗಳನ್ನು ವಿವರಿಸಿದರು. ಮುಂದೆಲ್ಲಿಗೆ ಎಂದು ಹಿರಿಯರು ತೀರ್ಮಾನಿಸುವ ‘ಕಮಾಂಡ್ ಹಡಲ್’, ಕತ್ತಿ ತಾಗುವ ಮುನ್ನ ಎಲ್ಲರಿಗೂ ಯೋಜನೆ ತಿಳಿಸುವ ‘ಸ್ನ್ಯಾಪ್ ಬ್ರೀಫ್’, ನಡುನಡುವೆ ಸ್ಥಿತಿಗತಿ ತಿಳಿಸುವ ‘ಸಿಟ್‌ರೆಪ್’, ಕೊನೆಗೆ ‘ಸೈನ್ ಔಟ್’. ಇವುಗಳಲ್ಲಿ ಸಿಟ್‌ರೆಪ್ ಹೆಚ್ಚು ಸೂಕ್ಷ್ಮವಾದದ್ದು. ಕಳೆದ ಸಮಯ, ಏರಿಸಿದ ರಕ್ತ, ಮೈಯ ಉಷ್ಣತೆಯನ್ನು ಗಟ್ಟಿಯಾಗಿ ಹೇಳಿದಾಗ ಗಾಯದಲ್ಲೇ ಮುಳುಗಿದ ಶಸ್ತ್ರಚಿಕಿತ್ಸಕ ತಲೆಯೆತ್ತಲೇಬೇಕು. ದೇಹ ತಣ್ಣಗಾಗಿ ರಕ್ತ ಹೆಪ್ಪುಗಟ್ಟದಿದ್ದರೆ ಅಚ್ಚುಕಟ್ಟಾದ ಹೊಲಿಗೆಯಿಂದ ಫಲವಿಲ್ಲ. ರಕ್ತಸ್ರಾವ ತಡೆದು, ಉಳಿದದ್ದನ್ನು ಮುಂದಕ್ಕೆ ಹಾಕಿ ಹೊರಬರಬೇಕು. ಸೇನೆಯಲ್ಲಂತೂ ಭುಜದ ಪಟ್ಟಿ ಬಾಯಿ ಕಟ್ಟುತ್ತದೆ. ಮೇಲಧಿಕಾರಿಗೆ ‘ನಿಲ್ಲಿಸಿ’ ಎನ್ನಲು ಹಿಂಜರಿಯುವ ಕಿರಿಯರೂ ಅಂಕಿಗಳನ್ನು ಓದಿ ಹೇಳಬಲ್ಲರು.

ಬದುಕುಳಿದವರ ಲೆಕ್ಕವನ್ನು ತಾಲೀಮಿನ ಖಾತೆಗೆ ಮಾತ್ರ ಬರೆಯಲಾಗದು. ರಕ್ತ ತಡೆಯುವ ಟೂರ್ನಿಕೆಟ್ ಪಟ್ಟಿ, ಕೆಂಪುಕಣಗಳ ಜೊತೆ ಪ್ಲಾಸ್ಮಾವನ್ನೂ ಆರಂಭದಲ್ಲೇ ಕೊಡುವ ಕ್ರಮ, ಹೆಲಿಕಾಪ್ಟರಿನಲ್ಲೇ ವೈದ್ಯರು, ಇವೆಲ್ಲ ಅದೇ ಯುದ್ಧದಲ್ಲಿ ಒಟ್ಟಿಗೇ ಬಳಕೆಯಲ್ಲಿದ್ದವು.