ಪಾಚಿಪೀಡಿತ ಸರೋವರದ ನೀರಿಗೆ ಓಝೋನ್ ಸಂಸ್ಕರಣೆ: ಇತಿಹಾಸ

ಸರೋವರದಲ್ಲಿ ಪಾಚಿ ವಿಪರೀತವಾಗಿ ಬೆಳೆದಾಗ ನೀರಿಗೆ ಸೇರುವ ವಾಸನೆ ಮತ್ತು ವಿಷವನ್ನು ಓಝೋನ್ ಅನಿಲದಿಂದ ಕಳೆಯುವ ವಿಧಾನ. ಓಝೋನ್ ತೀಕ್ಷ್ಣ ಉತ್ಕರ್ಷಕ. ನೀರಿನಲ್ಲಿ ಬೇಗನೆ ಒಡೆದು ಹೋಗುವುದರಿಂದ ಅದನ್ನು ಕೂಡಿಡಲು ಬರುವುದಿಲ್ಲ. ಶುದ್ಧೀಕರಣ ಘಟಕದಲ್ಲೇ ಒಣಗಾಳಿ ಅಥವಾ ಆಮ್ಲಜನಕದೊಳಗೆ ವಿದ್ಯುತ್ ಹಾಯಿಸಿ ತಯಾರಿಸಬೇಕು.

ಬಾಸೆಲ್‌ನ ರಸಾಯನಶಾಸ್ತ್ರಜ್ಞ ಶೋನ್‌ಬೈನ್ 1840ರ ಹೊತ್ತಿಗೆ ಈ ಅನಿಲವನ್ನು ಗುರುತಿಸಿದ. 1893ರಲ್ಲಿ ನೆದರ್ಲೆಂಡ್ಸಿನ ಔಡ್ಸ್‌ಹೋರ್ನ್‌ನಲ್ಲಿ, 1906ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಕುಡಿಯುವ ನೀರಿಗೆ ಬಳಕೆಗೆ ಬಂತು. ಆಗಿನ ಗುರಿ ರೋಗಾಣುಗಳು ಮಾತ್ರ. ಅಗ್ಗದ ಕ್ಲೋರಿನ್ ಬಂದ ಮೇಲೆ ಓಝೋನ್ ಬಹಳ ಕಡೆ ಹಿಂದೆ ಸರಿಯಿತು. ಆದರೆ ನೀಲಿ-ಹಸಿರು ಪಾಚಿ ಬಿಡುವ ಮಣ್ಣುವಾಸನೆ, ಬೂಷ್ಟುವಾಸನೆಗಳು ಕ್ಲೋರಿನ್‌ಗೆ ಬಗ್ಗಲಿಲ್ಲ. ಈ ವಾಸನೆ ತರುವ ಜಿಯೋಸ್ಮಿನ್ ಮತ್ತು ಎಂಐಬಿ ಎಂಬ ವಸ್ತುಗಳು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತವೆ.

ಈ ಇತಿಹಾಸದಲ್ಲಿ ಜಪಾನಿನ ಬಿವಾ ಸರೋವರಕ್ಕೆ ದೊಡ್ಡ ಸ್ಥಾನವಿದೆ. ಅದರ ನೀರು ಕಾಲುವೆಯಲ್ಲಿ ಕ್ಯೋಟೋಗೂ ಯೋಡೋ ನದಿಯ ಮೂಲಕ ಒಸಾಕಾಗೂ ಹರಿಯುತ್ತದೆ. 1969ರಿಂದ ನಲ್ಲಿ ನೀರಿನಲ್ಲಿ ಬೂಷ್ಟುವಾಸನೆ ಕಾಣಿಸಿಕೊಂಡಿತು. 1977ರಲ್ಲಿ ಸರೋವರದ ಮೇಲೆ ಕೆಂಪು ಪದರವೇ ಹರಡಿತು. ಕೆಳದಂಡೆಯ ನಗರಗಳು ಓಝೋನ್ ಮತ್ತು ಹರಳುರೂಪದ ಸಕ್ರಿಯ ಇದ್ದಿಲಿನ ಜೋಡಿ ಸಂಸ್ಕರಣೆಯತ್ತ ಹೊರಳಿದವು. 1990ರ ದಶಕದ ಕೊನೆಯಲ್ಲಿ ಅದು ಒಸಾಕಾದಲ್ಲಿ ವ್ಯಾಪಕವಾಗಿ ಜಾರಿಗೆ ಬಂತು. ಓಝೋನ್ ಒಡೆದುಳಿದ ತುಣುಕುಗಳನ್ನು ಇದ್ದಿಲು ಹೀರುತ್ತದೆ, ಅದರ ಮೇಲೆ ನೆಲೆಸಿದ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಆದರೆ ಬಿವಾ ದಡದ ಶಿಗಾ ಪ್ರಾಂತದ ಜನ ಇನ್ನೊಂದು ತುದಿಯಿಂದ ಹೊರಟಿದ್ದರು. ಗೃಹಿಣಿಯರು ಮುಂದೆ ನಿಂತು ಪಾಚಿಯನ್ನು ಬೆಳೆಸುವ ರಂಜಕವಿರುವ ಡಿಟರ್ಜೆಂಟ್ ಬಿಟ್ಟು ಸಾಬೂನು ಬಳಸುವ ಚಳವಳಿ ನಡೆಸಿದರು. ಅಂಥ ಡಿಟರ್ಜೆಂಟುಗಳನ್ನು ನಿಷೇಧಿಸುವ ಶಾಸನ 1979ರಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂತು. ರೋಗದ ಬೇರಿಗೆ ಕೈಹಾಕಿದ್ದು ಓಝೋನ್ ಯಂತ್ರಗಳಲ್ಲ, ಈ ಚಳವಳಿ.

ವಾಸನೆಯ ಪ್ರಶ್ನೆ ಪ್ರಾಣದ ಪ್ರಶ್ನೆಯಾದದ್ದು 1996ರಲ್ಲಿ. ಬ್ರೆಜಿಲಿನ ಕರುಆರುನಲ್ಲಿ ಸರಿಯಾಗಿ ಶುದ್ಧೀಕರಿಸದ ಜಲಾಶಯದ ನೀರನ್ನು ಡಯಾಲಿಸಿಸ್‌ಗೆ ಬಳಸಿದ್ದರಿಂದ 50ಕ್ಕೂ ಹೆಚ್ಚು ರೋಗಿಗಳು ಯಕೃತ್ತು ಕೆಟ್ಟು ಸತ್ತರು. ಕಾರಣ ಮೈಕ್ರೋಸಿಸ್ಟಿನ್, ಪಾಚಿಯ ವಿಷ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಅದರ ಪ್ರಮುಖ ಬಗೆಗೆ ಲೀಟರಿಗೆ 1 ಮೈಕ್ರೋಗ್ರಾಂ ಮಿತಿ ಹಾಕಿತು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೋ ನಗರದಲ್ಲಿ ಈರಿ ಸರೋವರದ ನೀರು ಈ ಮಿತಿ ಮೀರಿತು; 4 ಲಕ್ಷಕ್ಕೂ ಹೆಚ್ಚು ಜನರಿಗೆ ಎರಡು ದಿನಕ್ಕೂ ಹೆಚ್ಚು ಕಾಲ ನಲ್ಲಿ ನೀರು ಕುಡಿಯದಂತೆ ಸೂಚಿಸಲಾಯಿತು. ಆ ನಗರದ ಘಟಕಕ್ಕೆ ಮುಂದೆ ಓಝೋನ್ ವ್ಯವಸ್ಥೆ ಸೇರಿತು.

ಮೈಕ್ರೋಸಿಸ್ಟಿನ್‌ನ ರಚನೆಯಲ್ಲಿರುವ ಜೋಡಿಬಂಧಗಳನ್ನು ಓಝೋನ್ ಕ್ಷಣಮಾತ್ರದಲ್ಲಿ ಮುರಿಯುತ್ತದೆ. ಜಿಯೋಸ್ಮಿನ್, ಎಂಐಬಿಗಳ ಮೇಲೆ ನೇರ ದಾಳಿ ನಿಧಾನ. ಅಲ್ಲಿ ಕೆಲಸ ಮಾಡುವುದು ಓಝೋನ್ ಒಡೆದಾಗ ಹುಟ್ಟುವ ಹೈಡ್ರಾಕ್ಸಿಲ್ ರಾಡಿಕಲ್. ಅದನ್ನು ಹೆಚ್ಚಿಸಲು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ಪದ್ಧತಿಯೂ ಬೆಳೆಯಿತು. ನೀರಿನಲ್ಲಿ ಓಝೋನ್ ಪ್ರತಿಕ್ರಿಯೆಗಳ ವೇಗವನ್ನು ಅಳೆದು ಇಡೀ ಶಾಸ್ತ್ರಕ್ಕೆ ತಳಪಾಯ ಹಾಕಿದವರು ಸ್ವಿಟ್ಜರ್ಲೆಂಡಿನ ಹೋಯ್ನೆ ಮತ್ತು ಬಾಡರ್. ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷ ಮಾತ್ರ ಓಝೋನ್‌ಗೆ ಸುಲಭವಾಗಿ ಮಣಿಯದು.

ಅನುಭವ ಕಲಿಸಿದ ಮುಖ್ಯ ಸಂಗತಿ ಕ್ರಮದ್ದು. ಪಾಚಿ ತುಂಬಿದ ಕಚ್ಚಾನೀರಿಗೇ ಓಝೋನ್ ಹಾಯಿಸಿದರೆ ಕೋಶ ಒಡೆದು ಒಳಗಿದ್ದ ವಿಷ ನೀರಿಗಿಳಿಯಬಹುದು. ಸಾವಯವ ವಸ್ತುವೇ ಅನಿಲವನ್ನು ನುಂಗಿಬಿಡುತ್ತದೆ. ಆದ್ದರಿಂದ ಕೋಶಗಳನ್ನು ಮೊದಲು ತಳಕ್ಕಿಳಿಸಿಯೋ ತೇಲಿಸಿಯೋ ಇಡಿಯಾಗಿ ತೆಗೆದು, ಆಮೇಲೆ ಓಝೋನ್ ಕೊಡುವುದು ಸುರಕ್ಷಿತ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಝೋನ್‌ನಿಂದ ಬ್ರೋಮೇಟ್ ಹುಟ್ಟುತ್ತದೆ. ಇದು ಕ್ಯಾನ್ಸರ್‌ಕಾರಕವಾಗಬಹುದೆಂಬ ಕಾರಣಕ್ಕೆ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯಿದೆ.

ಇತ್ತೀಚಿನ ವರ್ಷಗಳಲ್ಲಿ ಓಝೋನ್ ತುಂಬಿದ ನ್ಯಾನೋ ಗುಳ್ಳೆಗಳನ್ನು ನೇರವಾಗಿ ಸರೋವರಕ್ಕೇ ಬಿಡುವ ಪ್ರಯೋಗಗಳು ನಡೆದಿವೆ. ಸಣ್ಣ ಕೊಳಗಳಿಗೆ ಇದು ಒಗ್ಗಬಹುದು. ವಿಶಾಲ ಜಲರಾಶಿಯಲ್ಲಿ ಅನಿಲ ಬೇಗ ಒಡೆದು ಮುಗಿಯುತ್ತದೆ, ಮೀನಿಗೂ ಇತರ ಜಲಚರಗಳಿಗೂ ಅಪಾಯವಿದೆ, ಚರಂಡಿ ಮತ್ತು ಹೊಲಗಳಿಂದ ಬರುವ ರಂಜಕ ಹಾಗೆಯೇ ಉಳಿಯುತ್ತದೆ.