ಒಂದು ಕಂಪ್ಯೂಟರ್‌ಗೆ ವೈರಸ್ ಬಂದರೆ ಇಡೀ ಅಂಗಡಿ ನಿಲ್ಲಬೇಕೇ? ನೆಟ್‌ವರ್ಕ್ ವಿಭಜನೆ ಎಂದರೇನು?

"ಆಂಟಿವೈರಸ್ ಹಾಕಿಸಿದ್ದೇವೆ, ವೈಫೈಗೆ ಪಾಸ್‌ವರ್ಡ್ ಇದೆ, ಇನ್ನೇನು ಭಯ?" ಅಂಗಡಿ ನಡೆಸುವ ಅನೇಕರ ನಂಬಿಕೆ ಇದು. ಇದು ಅರ್ಧ ಸತ್ಯ ಮಾತ್ರ.

ಶೆಟ್ಟಿಕೊಪ್ಪದಂಥ ಊರಿನ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ, ಕೆಲಸದವರ ಮೊಬೈಲ್, ಜೊತೆಗೆ ವೈಫೈ ಕೇಳಿ ಪಡೆದ ಗ್ರಾಹಕರ ಮೊಬೈಲ್ ಎಲ್ಲವೂ ಒಂದೇ ರೂಟರ್‌ಗೆ ಸೇರಿರುತ್ತವೆ. ಅಂದರೆ ಇವೆಲ್ಲ ಗೋಡೆಯಿಲ್ಲದ ಒಂದೇ ಕೋಣೆಯಲ್ಲಿವೆ. ಒಂದಕ್ಕೆ ಸೋಂಕು ತಗುಲಿದರೆ ಅದು ಉಳಿದವುಗಳ ಬಾಗಿಲನ್ನೂ ತಟ್ಟಬಹುದು.

ಅಡಿಕೆ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಬೋರ್ಡೋ ದ್ರಾವಣ ಸಿಂಪಡಿಸಿದ ಮೇಲೂ ಕೊಳೆ ತಗುಲಿ ಉದುರಿದ ಕಾಯಿಯನ್ನು ತೋಟದಿಂದ ಹೊರಗೆ ಹಾಕುತ್ತೇವೆ. ಆಂಟಿವೈರಸ್ ಎಂದರೆ ಸಿಂಪಡಣೆ. ರೋಗ ಹರಡದಂತೆ ಬೇರ್ಪಡಿಸುವುದೇ ನೆಟ್‌ವರ್ಕ್ ವಿಭಜನೆ.

ನಿಜವಾಗಿ ಹೀಗೆ ಆಗಿದೆಯೇ?

ಆಗಿದೆ. 2017ರ ಮೇ 12ರಂದು ಕಾಣಿಸಿಕೊಂಡ 'ವನ್ನಾಕ್ರೈ' ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಿಗೆ ಹಬ್ಬಿತು. ಒಂದು ಕಂಪ್ಯೂಟರ್ ಹೊಕ್ಕ ಮೇಲೆ, ಯಾರೂ ಲಿಂಕ್ ಒತ್ತದಿದ್ದರೂ, ಅದೇ ನೆಟ್‌ವರ್ಕ್‌ನಲ್ಲಿ ಅಪ್‌ಡೇಟ್ ಆಗದೆ ಉಳಿದ ಇತರ ವಿಂಡೋಸ್ ಕಂಪ್ಯೂಟರ್‌ಗಳಿಗೆ ಅದು ತಾನಾಗಿಯೇ ನುಗ್ಗುತ್ತಿತ್ತು.

2013ರಲ್ಲಿ ಅಮೆರಿಕದ 'ಟಾರ್ಗೆಟ್' ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕಳುವಾಯಿತು. ಕಳ್ಳರು ಒಳಬಂದದ್ದು ಶೈತ್ಯೀಕರಣದ ಕೆಲಸ ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರರ ಲಾಗಿನ್ ಕದ್ದು. ಅಲ್ಲಿಂದ ಬಿಲ್ ಹಾಕುವ ಯಂತ್ರದವರೆಗೆ ಅವರಿಗೆ ದಾರಿ ಸಿಕ್ಕಿತು.

ನಮ್ಮ ದೇಶದಲ್ಲಿ 2024ರ ಜುಲೈ 31ರಂದು ಇನ್ನೊಂದು ಪಾಠ ಸಿಕ್ಕಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್‌ಗೆ ರ‍್ಯಾನ್ಸಮ್‌ವೇರ್ ತಗುಲಿರುವ ಸಾಧ್ಯತೆ ಕಂಡಾಗ, ಎನ್‌ಪಿಸಿಐ ಅದನ್ನು ತನ್ನ ಪಾವತಿ ವ್ಯವಸ್ಥೆಯಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ದೇಶದ ಉಳಿದ ಪಾವತಿಗಳು ನಡೆಯುತ್ತಲೇ ಇದ್ದವು. ಆದರೆ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತು. ಮರುದಿನ ಸಂಪರ್ಕ ಮತ್ತೆ ಸಿಕ್ಕಿತು. ಪಾಠ ಇಷ್ಟೇ: ಬೇರ್ಪಡಿಸಿದರೆ ಹಾನಿ ನಿಲ್ಲುತ್ತದೆ, ಆದರೆ ಕತ್ತರಿಸಿದ ಭಾಗ ದೊಡ್ಡದಾದಷ್ಟೂ ತೊಂದರೆಗೆ ಸಿಲುಕುವವರು ಹೆಚ್ಚು. ಆದ್ದರಿಂದ ವಿಭಾಗಗಳು ಸಣ್ಣದಾಗಿರಬೇಕು, ಮೊದಲೇ ಸಿದ್ಧವಿರಬೇಕು.

ಎಲ್ಲಿಂದ ಶುರು ಮಾಡುವುದು?

1. ನಿಮ್ಮ ರೂಟರ್‌ಗೆ ಏನೇನು ಸೇರಿದೆ ಎಂದು ಪಟ್ಟಿ ಮಾಡಿ.
2. ಅವನ್ನು ಮೂರು ಗುಂಪು ಮಾಡಿ: ಹಣ ಮತ್ತು ಲೆಕ್ಕದ ಕಂಪ್ಯೂಟರ್‌ಗಳು, ಸಿಸಿಟಿವಿ, ಸ್ಮಾರ್ಟ್ ಟಿವಿಯಂಥ ಸಾಧನಗಳು, ಗ್ರಾಹಕರ ಮತ್ತು ಕೆಲಸದವರ ಮೊಬೈಲ್‌ಗಳು.
3. ರೂಟರ್ ಸೆಟ್ಟಿಂಗ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದ್ದರೆ ಮೊಬೈಲ್‌ಗಳನ್ನು ಅಲ್ಲಿಗೆ ಹಾಕಿ. ಅತಿಥಿಗಳಿಗೆ ಒಳಗಿನ ಸಾಧನಗಳನ್ನು ನೋಡಲು ಬಿಡುವ ಆಯ್ಕೆಯನ್ನು ಆಫ್ ಮಾಡಿ.
4. ಕೇಬಲ್ ಮೂಲಕ ಸೇರಿದ ಸಾಧನಗಳನ್ನು ಬೇರ್ಪಡಿಸಲು 'ವಿಲ್ಯಾನ್' ಸೌಲಭ್ಯವಿರುವ ಸ್ವಿಚ್ ಮತ್ತು ರೂಟರ್ ಬೇಕು. ತಿಳಿದವರಿಂದ ಮಾಡಿಸಿ.
5. ಗುಂಪುಗಳ ನಡುವಿನ ದಾರಿ ಮುಚ್ಚಿರಲಿ. ನಿಜಕ್ಕೂ ಅಗತ್ಯವಿರುವುದನ್ನು ಮಾತ್ರ ತೆರೆಯಿರಿ.

ತಪ್ಪು ಕಲ್ಪನೆಗಳು

*ವೈಫೈಗೆ ಎರಡು ಹೆಸರು ಬಂದರೆ ಎರಡು ನೆಟ್‌ವರ್ಕ್?* ಅಲ್ಲ. 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹೆಸರು ಕಂಡರೂ ಸಾಮಾನ್ಯವಾಗಿ ಒಳಗೆ ಒಂದೇ ನೆಟ್‌ವರ್ಕ್ ಇರುತ್ತದೆ.

*ಪಾಸ್‌ವರ್ಡ್ ಬೇರೆ ಇದ್ದರೆ ಸಾಕು?* ಸಾಲದು. ಬಾಗಿಲು ಎರಡಿದ್ದರೂ ಒಳಗೆ ಕೋಣೆ ಒಂದೇ ಇರಬಹುದು. ಪರೀಕ್ಷೆ ಸುಲಭ: ಗೆಸ್ಟ್ ವೈಫೈಗೆ ಸೇರಿದ ಮೊಬೈಲ್‌ನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರ್‌ನಲ್ಲಿ ಪ್ರಿಂಟರ್ ಅಥವಾ ಸಿಸಿಟಿವಿಯ ಐಪಿ ವಿಳಾಸ ಹಾಕಿ. ಅದರ ಪುಟ ತೆರೆದರೆ ವಿಭಜನೆ ಆಗಿಲ್ಲ.

*ಇದು ದೊಡ್ಡ ಕಂಪನಿಗಳಿಗೆ ಮಾತ್ರ?* ಅಲ್ಲ. ವನ್ನಾಕ್ರೈನಂಥ ವೈರಸ್ ಕಂಪನಿಯ ಗಾತ್ರ ನೋಡಿ ಬರುವುದಿಲ್ಲ, ಬಾಗಿಲು ತೆರೆದಿದೆಯೇ ಎಂದಷ್ಟೇ ನೋಡುತ್ತದೆ.

ಇದರಿಂದ ಆಗದ್ದು ಏನು?

ವಿಭಜನೆ ವೈರಸ್ ಬರುವುದನ್ನೇ ತಡೆಯುವುದಿಲ್ಲ, ಬಂದದ್ದು ಹರಡುವುದನ್ನು ತಡೆಯುತ್ತದೆ. ನೀವೇ ಒಟಿಪಿ ಹೇಳಿಬಿಟ್ಟರೆ ಯಾವ ಗೋಡೆಯೂ ಕಾಪಾಡದು. ಅಪ್‌ಡೇಟ್, ಆಂಟಿವೈರಸ್ ಎರಡೂ ಬೇಕು. ಲೆಕ್ಕದ ಒಂದು ಪ್ರತಿ ನೆಟ್‌ವರ್ಕ್‌ಗೆ ಸೇರದ ಹಾರ್ಡ್ ಡಿಸ್ಕ್‌ನಲ್ಲಿರಲಿ.

ಕಂಪ್ಯೂಟರ್ ಪರದೆಯಲ್ಲಿ "ಹಣ ಕೊಟ್ಟರೆ ಫೈಲ್ ಬಿಡುತ್ತೇವೆ" ಎಂದು ಕಂಡರೆ, ಮೊದಲು ಕೇಬಲ್ ಕಿತ್ತು ವೈಫೈ ಆಫ್ ಮಾಡಿ, ನಂತರ ದೂರು ಕೊಡಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಂಗಡಿ ನಡೆಸುವ ನಿಮ್ಮ ಪರಿಚಯದವರಿಗೂ ಇದನ್ನು ಕಳುಹಿಸಿ.