ಕುದುರೆಗೆ ವಂಶಾವಳಿ ಉಂಟು, ಲಾಯದವನಿಗೆ?

ಕುಣಿಗಲ್ ಎಂದರೆ ಹೊರಗಿನವರಿಗೆ ಎರಡು ನೆನಪಾಗುತ್ತವೆ. ಒಂದು ಜನಪದ ಹಾಡಿನ ಕೆರೆ, ಇನ್ನೊಂದು ಕುದುರೆ ಫಾರಂ. ನಮ್ಮ ಮರಳೂರಿನಿಂದ ಬಸ್ಸು ಹತ್ತಿದರೆ ದೂರವೇನಲ್ಲ. ಫಾರಂ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಬರೆದದ್ದು ಟಿಪ್ಪುವಿನ ಬಗ್ಗೆ, ರೇಸ್ ಗೆದ್ದ ಕುದುರೆಗಳ ಬಗ್ಗೆ, ಗುತ್ತಿಗೆ ಹಿಡಿದ ಧಣಿಗಳ ಬಗ್ಗೆ. ಲಾಯದಲ್ಲಿ ಲದ್ದಿ ಬಾಚಿ, ಹುರುಳಿ ಬೇಯಿಸಿ, ಕುದುರೆಯ ಮೈ ಉಜ್ಜಿ, ಮರಿ ಹಾಕುವ ರಾತ್ರಿ ನಿದ್ದೆಗೆಟ್ಟು ಕಾದವರ ಮನೆತನ ಯಾವುದು ಎಂದು ಕೇಳಿದವರು ಕಡಿಮೆ. ನಾವು ಈ ಬಾರಿ ಅದನ್ನೇ ಕೇಳುತ್ತಿದ್ದೇವೆ.

ಮೊದಲು ಕುದುರೆಯ ಲೆಕ್ಕ ನೋಡೋಣ. ರೇಸ್ ಕುದುರೆಗಳ ವಂಶವನ್ನು ಬರೆದಿಡುವ ಪುಸ್ತಕಕ್ಕೆ ಸ್ಟಡ್ ಬುಕ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದು ಶುರುವಾದದ್ದು 1791ರಲ್ಲಿ. ನಮ್ಮ ದೇಶಕ್ಕೂ ಒಂದು ಸ್ಟಡ್ ಬುಕ್ ಇದೆ, ಅದರ ಕಚೇರಿ ಪುಣೆಯಲ್ಲಿದೆ. ಮರಿ ಹುಟ್ಟಿದ ದಿನ, ಅಪ್ಪ, ಅಮ್ಮ, ಬಣ್ಣ, ಹಣೆಯ ಮೇಲಿನ ಮಚ್ಚೆ ಎಲ್ಲವೂ ದಾಖಲಾಗುತ್ತವೆ. ಜಗತ್ತಿನ ಯಾವುದೇ ಥರೋಬ್ರೆಡ್ ಕುದುರೆಯ ಗಂಡು ಸಂತತಿ ಹಿಡಿದು ಹಿಂದಕ್ಕೆ ಹೋದರೆ, ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿಗೆ ಬಂದ ಮೂರು ಗಂಡು ಕುದುರೆಗಳಲ್ಲಿ ಒಂದಕ್ಕೆ ಹೋಗಿ ನಿಲ್ಲುತ್ತದೆ.

ಅದೇ ಕುದುರೆಗೆ ನೀರು ಕುಡಿಸಿದವನ ಮುತ್ತಾತನ ಹೆಸರು? ಬಹಳ ಮನೆಗಳಲ್ಲಿ ಗೊತ್ತಿಲ್ಲ.

ಫಾರಂ ಉಳಿಯಿತು, ಒಡೆಯರು ಬದಲಾದರು

ಟಿಪ್ಪುವಿನ ದಂಡಿಗೆ ಕುದುರೆ ಒದಗಿಸಿದ ತಾಣ ಇದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಹೋಯಿತು. ಆಮೇಲೆ ಮೈಸೂರು ಸಂಸ್ಥಾನ, ಅದರ ನಂತರ ರಾಜ್ಯ ಸರ್ಕಾರ. 1992ರಲ್ಲಿ ಖಾಸಗಿ ಕಂಪನಿಗೆ ಗುತ್ತಿಗೆ. ಈಚೆಗೆ ಇಲ್ಲಿ ಟೌನ್‌ಶಿಪ್ ಮಾಡುವ ಮಾತು ಎದ್ದು, ಬೇಡವೆಂಬ ಕೂಗೂ ಎದ್ದಿತು.

ಪ್ರತಿ ಸಲ ಒಡೆಯರು ಬದಲಾದಾಗ ಜಮೀನಿನ ಪತ್ರ ಹೊಸ ಕೈಗೆ ಹೋಗುತ್ತದೆ. ಕುದುರೆಗಳ ಪಟ್ಟಿಯೂ ಹೋಗುತ್ತದೆ. ಆಳುಗಳ ಸಂಬಳದ ಪುಸ್ತಕ, ಹಾಜರಿ ಪುಸ್ತಕ ಎಲ್ಲಿ ಹೋಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಊಳಿಗದ ಮನೆತನಗಳ ಚರಿತ್ರೆ ಕಳೆದುಹೋಗುವುದು ಹೀಗೆ.

ಜಮೀನು ಇದ್ದವರಿಗೆ ಕಾಗದ ಉಂಟು

ನಮ್ಮ ಊರುಗಳಲ್ಲಿ ವಂಶ ಹುಡುಕುವವರು ಮೊದಲು ಹೋಗುವುದು ನಾಡಕಚೇರಿಗೆ. ಪಹಣಿ, ಹಕ್ಕು ಬದಲಾವಣೆ ಪುಸ್ತಕ, ವಂಶವೃಕ್ಷ. ಇವೆಲ್ಲ ಹುಟ್ಟಿದ್ದು ಜಮೀನಿನಿಂದ. ತೋಟಿ, ತಳವಾರ, ನೀರಗಂಟಿ ಮನೆತನಗಳದ್ದೂ ಊಳಿಗವೇ. ಆದರೆ ಅವರಿಗೆ ಇನಾಮು ಜಮೀನಿತ್ತು. ಗ್ರಾಮ ಕಚೇರಿಗಳನ್ನು ರದ್ದು ಮಾಡಿದ 1961ರ ಕಾನೂನಿನ ಪ್ರಕಾರ ಆ ಜಮೀನು ಮರುಮಂಜೂರಾಗುವಾಗ ಅಪ್ಪ, ತಾತನ ಹೆಸರು ಕಡತಕ್ಕೆ ಬಂತು.

ಕುದುರೆ ಲಾಯದ ಸೈಸ್‌ಗೆ ಸಿಗುತ್ತಿದ್ದುದು ಸಂಬಳ. ಫಾರಂನಲ್ಲಿ ಕೊಟ್ಟ ಮನೆ ಫಾರಂನದೇ. ಆತನ ಹೆಸರಲ್ಲಿ ಒಂದು ಗುಂಟೆ ಇಲ್ಲದಿದ್ದರೆ ಕಂದಾಯ ಇಲಾಖೆಯ ಪಾಲಿಗೆ ಅವನು ಇದ್ದೂ ಇಲ್ಲದವನು. ಕುದುರೆ ದಂಡುಗಳಲ್ಲಿ ಸೈಸ್ ಜೊತೆ ಹುಲ್ಲು ಕೊಯ್ಯುವವರೂ ಇರುತ್ತಿದ್ದರು. ಅವರ ಹೆಸರು ಸಿಗುವುದು ಇನ್ನೂ ಕಷ್ಟ.

ಸ್ಕಾಟ್ಲೆಂಡಿನವರು ಹೇಗೆ ಹುಡುಕುತ್ತಾರೆ?

ಇದೇ ಪಾಡು ಬೇರೆ ದೇಶದಲ್ಲೂ ಇತ್ತು. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ದೊರೆಗಳ ದೊಡ್ಡ ದೊಡ್ಡ ಎಸ್ಟೇಟುಗಳಿದ್ದವು. ಲಾಯದವರು, ಬೇಟೆ ಕಾಡು ಕಾಯುವವರು, ಅಡುಗೆಯವರು, ಎಲ್ಲರೂ ಭೂಮಿಯಿಲ್ಲದ ಸಂಬಳದ ಜನ. ನಮ್ಮಲ್ಲಿ ಸಂಬಳದಾಳಿನ ಕರಾರು ಯುಗಾದಿಯಿಂದ ಯುಗಾದಿಗೆ ಇದ್ದಂತೆ, ಅಲ್ಲಿ ಆಳುಗಳ ಕರಾರಿಗೆ ಮೇ ಮತ್ತು ನವೆಂಬರ್ ತಿಂಗಳ ಗಡುವುಗಳಿದ್ದವು. ಒಂದು ಎಸ್ಟೇಟು ಬಿಟ್ಟು ಇನ್ನೊಂದಕ್ಕೆ ಹೋಗುತ್ತಲೇ ಇದ್ದರು.

ಆದರೂ ಅವರ ಮರಿಮಕ್ಕಳು ಇಂದು ಮೊಬೈಲಿನಲ್ಲೇ ಅವರನ್ನು ಹುಡುಕುತ್ತಾರೆ. ಕಾರಣ ಎರಡು. 1855ರಿಂದ ಅಲ್ಲಿ ಜನನ, ಮದುವೆ, ಮರಣ ನೋಂದಣಿ ಕಡ್ಡಾಯ. ಸತ್ತವರ ದಾಖಲೆಯಲ್ಲೂ ಅಪ್ಪನ ಹೆಸರು, ಅಮ್ಮನ ತವರಿನ ಮನೆತನದ ಹೆಸರು ಬರೆಯುತ್ತಾರೆ. ಎರಡನೆಯದು ಜನಗಣತಿ. 1841ರಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಹೆಸರು, ವಯಸ್ಸು, ಕಸುಬು ಬರೆದ ಹಾಳೆಗಳನ್ನು ಉಳಿಸಿಕೊಂಡು, ನೂರು ವರ್ಷ ಆದ ಮೇಲೆ ಜನರಿಗೆ ತೋರಿಸುತ್ತಾರೆ. ನಮ್ಮ 1948ರ ಜನಗಣತಿ ಕಾನೂನಿನಲ್ಲಿ ಮನೆಮನೆಯ ವಿವರ ಯಾರೂ ನೋಡುವಂತಿಲ್ಲ. ಹಾಗಾಗಿ ಆ ದಾರಿ ನಮಗೆ ಮುಚ್ಚಿದೆ.

ಬಾಲ್ಮೋರಲ್ ಎಂಬ ರಾಣಿಯ ಎಸ್ಟೇಟಿನಲ್ಲಿ ನಮ್ಮ ದೇಶದ ಒಬ್ಬರೂ ಊಳಿಗ ಮಾಡಿದ್ದರು. ಆಗ್ರಾದ ಅಬ್ದುಲ್ ಕರೀಂ. 1887ರಲ್ಲಿ ವಿಕ್ಟೋರಿಯಾ ರಾಣಿಗೆ ಊಟ ಬಡಿಸುವ ಕೆಲಸಕ್ಕೆ ಹೋದವರು ಅವಳಿಗೆ ಉರ್ದು ಕಲಿಸುವ ಮುನ್ಷಿಯಾದರು. 1901ರಲ್ಲಿ ರಾಣಿ ಸತ್ತ ಮೇಲೆ ಮಗ ಎಡ್ವರ್ಡ್ ಮಾಡಿಸಿದ ಕೆಲಸ ಎಂದರೆ ರಾಣಿ ಬರೆದ ಪತ್ರಗಳನ್ನು ಸುಡಿಸಿದ್ದು. ಕರೀಂ 1909ರಲ್ಲಿ ಆಗ್ರಾದಲ್ಲಿ ತೀರಿಕೊಂಡರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಬರೆದ ಡೈರಿಯನ್ನು ಕುಟುಂಬದವರು ದೇಶ ಇಬ್ಭಾಗವಾದಾಗ ಕರಾಚಿಗೆ ಒಯ್ದು, ಬಚ್ಚಿಟ್ಟು ಕಾಪಾಡಿದ್ದರು. ನೂರು ವರ್ಷದ ಮೇಲೆ ಅದು ಹೊರಬಂತು. ಅರಮನೆ ಸುಟ್ಟಿದ್ದನ್ನು ಮನೆಯ ಪೆಟ್ಟಿಗೆ ಉಳಿಸಿತ್ತು.

ನಾವು ಎಲ್ಲಿ ಹುಡುಕಬಹುದು?

ಶಾಲೆಯ ದಾಖಲಾತಿ ಪುಸ್ತಕ ಮೊದಲನೆಯದು. ಮಗುವಿನ ಹೆಸರಿನ ಜೊತೆ ಅಪ್ಪನ ಹೆಸರು, ಹುಟ್ಟಿದ ದಿನ ಅಲ್ಲಿರುತ್ತವೆ. ಅಪ್ಪನ ಕಸುಬು ಬರೆದಿದ್ದರೆ ಅದೃಷ್ಟ. ಹಳೇ ಸರ್ಕಾರಿ ಶಾಲೆಗಳಲ್ಲಿ ಈ ಪುಸ್ತಕಗಳು ಬೀರುವಿನ ತಳದಲ್ಲಿರುತ್ತವೆ.

ಎರಡನೆಯದು ಸರ್ಕಾರದ ಕಾಲದ ಸೇವಾ ಪುಸ್ತಕ, ಪಿಂಚಣಿ ಕಾಗದ, ಕಂಪನಿ ಕಾಲದ ಪಿ.ಎಫ್. ಚೀಟಿ. ಇವು ಕಚೇರಿಗಿಂತ ಮನೆಯ ಟ್ರಂಕಿನಲ್ಲೇ ಸಿಗುವುದು ಹೆಚ್ಚು. ಮೂರನೆಯದು ಹಳೇ ಮತದಾರರ ಪಟ್ಟಿ. ನಾಲ್ಕನೆಯದು ಸಂಸ್ಥಾನದ ಕಾಲದ ಕಡತಗಳಿರುವ ಬೆಂಗಳೂರಿನ ರಾಜ್ಯ ಪತ್ರಾಗಾರ, ಮೈಸೂರಿನ ವಿಭಾಗೀಯ ಪತ್ರಾಗಾರ. ಅಲ್ಲಿ ಹೆಸರು ಹಿಡಿದು ಹುಡುಕಬಾರದು. ಇಲಾಖೆ, ವರ್ಷ, ಊರು ಹಿಡಿದು ಹುಡುಕಬೇಕು. ಗೋರಿ ಕಲ್ಲು, ಮಸೀದಿ ಮತ್ತು ಚರ್ಚಿನ ಮದುವೆ ಪುಸ್ತಕ, ಮನೆದೇವರ ಗುಡಿಯ ಒಕ್ಕಲಿನ ಪಟ್ಟಿ ಇವನ್ನೂ ಬಿಡಬಾರದು. ಮನೆದೇವರು ದೂರದ ಊರಿನದಾದರೆ, ಮನೆತನ ಅಲ್ಲಿಂದ ಬಂದಿರಬಹುದು ಎಂಬ ಸುಳಿವು ಅದು.

ಇವೆಲ್ಲಕ್ಕಿಂತ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಲಾಯದಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಪಕ್ಕ ಕೂತು, ಫೋನಿನ ರೆಕಾರ್ಡರ್ ಒತ್ತಿ ಕೇಳಿ. ಅಪ್ಪನ ಹೆಸರೇನು, ಅಮ್ಮನ ತವರು ಯಾವುದು, ಯಾವ ಸಾಹೇಬರ ಕಾಲದಲ್ಲಿ ಕೆಲಸಕ್ಕೆ ಸೇರಿದ್ದು, ಸಂಬಳ ಎಷ್ಟಿತ್ತು, ನೀವು ನೋಡಿಕೊಂಡ ಕುದುರೆಯ ಹೆಸರೇನು. ಈ ಕೊನೆಯ ಪ್ರಶ್ನೆ ಮರೆಯಬೇಡಿ. ಕುದುರೆಯ ಹೆಸರು ಸ್ಟಡ್ ಬುಕ್ಕಿನಲ್ಲಿ ಸಿಕ್ಕರೆ ಅದು ಹುಟ್ಟಿದ ವರ್ಷ ಸಿಗುತ್ತದೆ. ಆ ವರ್ಷ ಹಿಡಿದರೆ ನಿಮ್ಮ ತಾತ ಲಾಯದಲ್ಲಿದ್ದ ಕಾಲ ಗೊತ್ತಾಗುತ್ತದೆ.